ದೂರುಗಳೇ ಬಾರದ ಸಂಸ್ಥೆ

(ಸಮುದಾಯ ಮಾನಸಿಕ ಆರೋಗ್ಯ ಸಂಸ್ಥೆಗಳ ನಾಯಕತ್ವ ಮತ್ತು ಆಡಳಿತದ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸೇವಾ ಸಂಸ್ಥೆಯೊಂದರ ವಾರ್ಷಿಕ ವರದಿ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಒಂದೇ ಒಂದು ಸಾಲನ್ನು. ಅದು ಸಾಮಾನ್ಯವಾಗಿ ಕೊನೆಗೆ, ಆಡಿಟ್ ಆದ ಲೆಕ್ಕಪತ್ರದ ಆಸುಪಾಸಿನಲ್ಲಿ ಇರುತ್ತದೆ: ‘ಈ ವರ್ಷ ಬಂದ ದೂರುಗಳು: ಇಲ್ಲ.’ ಆಡಳಿತ ಮಂಡಳಿಯವರು ಇದನ್ನು ಓದಿ ನಿರಾಳವಾಗಿ ಪುಟ ತಿರುಗಿಸುತ್ತಾರೆ. ನನಗೆ ಅಲ್ಲಿಂದಲೇ ಅನುಮಾನ ಶುರು. ನೂರಾರು ಜನ ಬಂದುಹೋಗುವ ಜಾಗ, ಮಾತ್ರೆಯಿಂದ ಹಿಡಿದು ಕೆಲಸ ಹುಡುಕುವವರೆಗೆ ಹತ್ತಾರು ವಿಷಯಗಳಿಗೆ ನೆಚ್ಚಿಕೊಂಡ ಜನ. ಇಡೀ ವರ್ಷ ಅವರಲ್ಲಿ ಒಬ್ಬರಿಗೂ ಏನೂ ಸರಿಯಿಲ್ಲ ಅನ್ನಿಸಲಿಲ್ಲವೇ? ಅನ್ನಿಸಿದ್ದರೆ ಅದು ಎಲ್ಲಿ ಹೋಯಿತು?

ಸಂಘಟಕರು ನನ್ನನ್ನು ನಾಯಕತ್ವದ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ದೂರದೃಷ್ಟಿ, ಸ್ಫೂರ್ತಿ, ತಂಡ ಕಟ್ಟುವ ಬಗೆ ಇವನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅವರ ಪಾಲಿಗೆ ಅದನ್ನು ಬಿಡುತ್ತೇನೆ. ನನ್ನ ಮಾತು ಆ ಒಂದು ಸಾಲಿನ ಬೆನ್ನು ಹತ್ತಿ ಹೋಗುತ್ತದೆ.

ಮಾನಸಿಕ ಆರೋಗ್ಯ ಸಂಸ್ಥೆಯ ಆಡಳಿತಕ್ಕೂ ಒಂದು ಶಾಲೆಯ ಅಥವಾ ಕಣ್ಣಾಸ್ಪತ್ರೆಯ ಆಡಳಿತಕ್ಕೂ ಬಹುಪಾಲು ವ್ಯತ್ಯಾಸವಿಲ್ಲ. ಬೈಲಾ, ಕೋರಂ, ನಡಾವಳಿ, ಆಡಿಟ್ ಎಲ್ಲ ಅವೇ. ಒಂದು ಕಡೆ ಮಾತ್ರ ದಾರಿ ಕವಲೊಡೆಯುತ್ತದೆ. ಕಣ್ಣಾಸ್ಪತ್ರೆಗೆ ಬಂದವರು ‘ಸಿಬ್ಬಂದಿ ನನ್ನ ಮೇಲೆ ಕೂಗಾಡಿದರು’ ಎಂದರೆ ಆ ಸಿಬ್ಬಂದಿಯನ್ನು ಕರೆದು ವಿಚಾರಿಸುತ್ತಾರೆ. ಅದೇ ಮಾತನ್ನು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರೊಬ್ಬರು ಹೇಳಿದರೆ, ಕೇಳಿಸಿಕೊಂಡವರು ಮೊದಲು ನೋಡುವುದು ಅವರು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು. ದೂರು ಹೋಗಿ ಕೇಸ್ ಶೀಟಿನಲ್ಲಿ ಕೂರುತ್ತದೆ: ‘ಅನುಮಾನ ಹೆಚ್ಚಾಗಿದೆ’, ‘ಸಿಡುಕು’, ‘ಸಹಕರಿಸುತ್ತಿಲ್ಲ’. ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ತರಬೇತಿ ಅವರಿಗೆ ಕಲಿಸಿದ್ದೇ ಹಾಗೆ ಓದುವುದನ್ನು. ವರ್ಷದ ಕೊನೆಗೆ ದೂರಿನ ಪುಸ್ತಕ ಖಾಲಿ, ಕೇಸ್ ಶೀಟುಗಳು ಭರ್ತಿ.

ಇದರ ಜೊತೆಗೆ ಅವಲಂಬನೆ. ಸಮುದಾಯದಲ್ಲಿ ಕೆಲಸ ಮಾಡುವ ಸಂಸ್ಥೆಯಲ್ಲಿ ಒಬ್ಬರೇ ಕಾರ್ಯಕರ್ತರು ಮನೆಗೆ ಬಂದು ಮಾತಾಡಿಸುತ್ತಾರೆ, ಔಷಧಿ ತಲುಪಿಸುತ್ತಾರೆ, ಪಿಂಚಣಿಗೆ ಅರ್ಜಿ ಬರೆದುಕೊಡುತ್ತಾರೆ, ಮನೆಯವರೊಡನೆ ಜಗಳವಾದರೆ ಬಿಡಿಸುತ್ತಾರೆ. ಆ ಒಬ್ಬರ ಮೇಲೆ ದೂರು ಹೇಳುವುದೆಂದರೆ ಈ ನಾಲ್ಕನ್ನೂ ಒಟ್ಟಿಗೆ ಪಣಕ್ಕಿಟ್ಟ ಹಾಗೆ. ಬುದ್ಧಿ ಸ್ವಸ್ಥವಾಗಿರುವ ಯಾರೂ ಆ ಪಣಕ್ಕೆ ಕೈಹಾಕುವುದಿಲ್ಲ.

ಹಾಗಾಗಿ ನನ್ನ ವಾದ ಇಷ್ಟು. ಎಲ್ಲರಿಗಿಂತ ಸುಲಭವಾಗಿ ತಳ್ಳಿಹಾಕಬಹುದಾದ ದನಿ, ನಡುವೆ ಯಾರೂ ತಿದ್ದದೆ, ತೀರ್ಮಾನ ಆಗುವ ಮೇಜಿನವರೆಗೆ ಬಂದು ಮುಟ್ಟುವಂತೆ ದಾರಿ ಮಾಡುವುದು ಈ ಕ್ಷೇತ್ರದಲ್ಲಿ ಆಡಳಿತದ ಮುಖ್ಯ ಕೆಲಸ. ಉಳಿದದ್ದು, ಕಟ್ಟಡ ನಿಧಿಯೂ ಸೇರಿ, ಆಮೇಲಿನದು.

ಈ ದಾರಿ ಮಾಡಿದವರ ಚರಿತ್ರೆ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಾವು ಇವತ್ತು ಹೊಸದೆಂದುಕೊಂಡ ಎಷ್ಟೋ ಸಂಗತಿಗಳನ್ನು ಇನ್ನೊಬ್ಬರು ಆಗಲೇ ಮಾಡಿ, ಕೈಸುಟ್ಟುಕೊಂಡು, ಸರಿಪಡಿಸಿಕೊಂಡಿದ್ದಾರೆ.

1961ರಲ್ಲಿ ಇಟಲಿಯ ಗೊರಿಜಿಯಾ ಎಂಬ ಊರಿನ ಮಾನಸಿಕ ಆಸ್ಪತ್ರೆಗೆ ಮನೋವೈದ್ಯ ಫ್ರಾಂಕೊ ಬಸಾಲಿಯಾ ನಿರ್ದೇಶಕರಾಗಿ ಬಂದರು. ಹಿಂದಿನ ರಾತ್ರಿ ಯಾರ‍್ಯಾರನ್ನು ಕಟ್ಟಿಹಾಕಲಾಗಿತ್ತು ಎಂಬ ಪಟ್ಟಿಯಿರುವ ಪುಸ್ತಕವನ್ನು ಮುಖ್ಯ ದಾದಿ ಎಂದಿನಂತೆ ಸಹಿಗೆ ತಂದು ಮುಂದಿಟ್ಟರು. ಬಸಾಲಿಯಾ ಹೇಳಿದ್ದು ಒಂದೇ ಮಾತು: ‘ನಾನು ಸಹಿ ಹಾಕುವುದಿಲ್ಲ.’ ಮನೋವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ಪ್ರಸಂಗವನ್ನು ಬಂಡಾಯವೆಂದು ಹೇಳುವುದು ರೂಢಿ. ಆಡಳಿತದ ಕಣ್ಣಿಂದ ನೋಡಿದರೆ ಅದು ಕಚೇರಿಯ ಒಂದು ಸಾಮಾನ್ಯ ಕ್ರಿಯೆ. ಆ ಪುಸ್ತಕ ದಿನವೂ ಬರುತ್ತಿತ್ತು, ದಿನವೂ ಸಹಿ ಬೀಳುತ್ತಿತ್ತು. ಕಟ್ಟಿದವರಿಗೆ ‘ಮೇಲಿನವರು ಒಪ್ಪಿದ್ದಾರೆ’ ಎಂಬ ಧೈರ್ಯ, ಸಹಿ ಹಾಕಿದವರಿಗೆ ‘ಕೆಳಗಿನವರಿಗೆ ಗೊತ್ತಿರುತ್ತದೆ’ ಎಂಬ ನೆಮ್ಮದಿ. ಯಾರೂ ನಿರ್ಧಾರ ಮಾಡದೆ ನಿರ್ಧಾರ ಆಗಿಬಿಡುತ್ತಿತ್ತು. ಅವರು ಆ ಸರಪಳಿಯ ತಮ್ಮ ಕೊಂಡಿಯನ್ನು ಕಳಚಿಟ್ಟರು, ಅಷ್ಟೆ. ನಿಮ್ಮ ಮಂಡಳಿಯ ಮುಂದೆ ತಿಂಗಳು ತಿಂಗಳೂ ಬಂದು, ಓದದೆ ಸಹಿ ಬೀಳುವ ಕಾಗದ ಯಾವುದು? ಇದಕ್ಕೆ ಉತ್ತರ ಹುಡುಕಲು ಹೊರಗಿನ ಸಲಹೆಗಾರರು ಬೇಡ, ಹಳೆಯ ನಡಾವಳಿ ಪುಸ್ತಕ ಸಾಕು.

ಮುಂದಿನ ವರ್ಷಗಳಲ್ಲಿ ಗೊರಿಜಿಯಾದಲ್ಲಿ ಸಾಮಾನ್ಯ ಸಭೆಗಳು ಶುರುವಾದವು. ರೋಗಿಗಳು, ದಾದಿಯರು, ವೈದ್ಯರು ಎಲ್ಲ ಒಂದೇ ಕೋಣೆಯಲ್ಲಿ. ಗದ್ದಲ, ಮಧ್ಯದಲ್ಲಿ ಎದ್ದುಹೋಗುವುದು, ಬರೀ ಸಿಗರೇಟಿನ ವಿಷಯಕ್ಕೆ ಅರ್ಧ ಗಂಟೆ ಚರ್ಚೆ: ಇಂಥ ಸಭೆಯ ಗತಿ ಹೀಗೇ ಎಂಬುದು ಅದರಲ್ಲಿ ಕುಳಿತವರಿಗೆಲ್ಲ ಗೊತ್ತು. ಆದರೆ ಸಿಬ್ಬಂದಿಯ ಬಗ್ಗೆ ಸಿಬ್ಬಂದಿಯ ಎದುರೇ ಮಾತಾಡಬಹುದು, ಮಾತಾಡಿದರೆ ಶಿಕ್ಷೆಯಿಲ್ಲ ಎಂಬುದು ಜನರಿಗೆ ಅಂಥ ಕಡೆ ಮೊದಲ ಸಲ ಮನವರಿಕೆಯಾಗುತ್ತದೆ.

ಇದೆಲ್ಲ ಸುಖಾಂತವಾಗಿ ನಡೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. 1968ರಲ್ಲಿ ಒಂದು ದಿನದ ಮಟ್ಟಿಗೆ ಮನೆಗೆ ಹೋಗಿದ್ದ ರೋಗಿಯೊಬ್ಬರು ತಮ್ಮ ಹೆಂಡತಿಯನ್ನು ಕೊಂದರು. ಬಸಾಲಿಯಾ ಮೇಲೆ ಮೊಕದ್ದಮೆ ಬಿತ್ತು, ಮುಂದೆ ಖುಲಾಸೆಯೂ ಆಯಿತು. ಸಮುದಾಯದಲ್ಲಿ ಆರೈಕೆ ಎನ್ನುವ ಯಾವ ಸಂಸ್ಥೆಯೂ ಇಂಥ ದಿನದಿಂದ ಪೂರ್ತಿ ಪಾರಾಗಲಾರದು. ಮಂಡಳಿಯ ನಿಜವಾದ ಯೋಗ್ಯತೆ ತಿಳಿಯುವುದು ಆಗಲೇ. ಪತ್ರಿಕೆಯವರು ಬಾಗಿಲಲ್ಲಿ, ಕುಟುಂಬದವರು ಆಕ್ರೋಶದಲ್ಲಿ, ಅನುದಾನ ಕೊಟ್ಟವರು ಫೋನಿನಲ್ಲಿ. ಆ ಹೊತ್ತಿನಲ್ಲಿ ‘ಎಲ್ಲ ಬಾಗಿಲು ಮುಚ್ಚಿ’ ಎಂಬ ಒತ್ತಡ ಬರುತ್ತದೆ. ಒಬ್ಬರ ಕೃತ್ಯಕ್ಕೆ ಉಳಿದವರೆಲ್ಲರ ಸ್ವಾತಂತ್ರ್ಯ ಕಸಿಯದೆ, ಹಾಗೆಂದು ಸತ್ತವರ ಮನೆಯವರ ಪ್ರಶ್ನೆಗಳಿಗೆ ಬೆನ್ನು ತಿರುಗಿಸದೆ ನಿಲ್ಲುವುದು ಅಷ್ಟು ಸುಲಭವಲ್ಲ. ಅಂಥ ದಿನ ಯಾರು ಮಾತಾಡಬೇಕು, ಯಾರು ತನಿಖೆ ಮಾಡಬೇಕು, ಸಂಬಂಧಪಟ್ಟ ಕಾರ್ಯಕರ್ತರ ಕೈಹಿಡಿಯುವವರು ಯಾರು ಎಂಬುದನ್ನು ಏನೂ ಆಗದ ದಿನಗಳಲ್ಲೇ ಬರೆದಿಟ್ಟಿರಬೇಕು.

1971ರಲ್ಲಿ ಬಸಾಲಿಯಾ ಇಟಲಿಯದೇ ಇನ್ನೊಂದು ಊರಾದ ಟ್ರಿಯೆಸ್ತೆಗೆ ಹೋದರು. ಅಲ್ಲಿನ ಆಸ್ಪತ್ರೆಯಲ್ಲಿ ಸುಮಾರು 1,200 ಜನ ಇದ್ದರು. ಅದನ್ನು ಹಂತ ಹಂತವಾಗಿ ಖಾಲಿ ಮಾಡುತ್ತ, ಊರಿನ ಬೇರೆ ಬೇರೆ ಭಾಗಗಳಲ್ಲಿ ಹಗಲು ರಾತ್ರಿ ತೆರೆದಿರುವ, ಬೆರಳೆಣಿಕೆಯ ಹಾಸಿಗೆಗಳಿರುವ ಕೇಂದ್ರಗಳನ್ನು ಕಟ್ಟಲಾಯಿತು. 1978ರ ಮೇ ತಿಂಗಳಲ್ಲಿ ಇಟಲಿಯ 180ನೇ ಸಂಖ್ಯೆಯ ಕಾನೂನು ಬಂದು ಮಾನಸಿಕ ಆಸ್ಪತ್ರೆಗಳಿಗೆ ಹೊಸಬರ ದಾಖಲಾತಿಯನ್ನು ನಿಲ್ಲಿಸಿತು. ಇದು ಎಲ್ಲರೂ ಹೇಳುವ ಕಥೆ. ನನಗೆ ಇದರ ಮುಂದಿನ ಭಾಗ ಹೆಚ್ಚು ಮುಖ್ಯ. 1980ರಲ್ಲಿ ಬಸಾಲಿಯಾ ತೀರಿಕೊಂಡರು. ಕೇಂದ್ರಗಳು ಮುಚ್ಚಲಿಲ್ಲ. ಫ್ರಾಂಕೊ ರೊಟೆಲ್ಲಿ ಮುಂದುವರಿಸಿದರು, ಆಮೇಲೆ ಪೆಪ್ಪೆ ದೆಲ್ಲಾಕ್ವ, ಆಮೇಲೆ ರೊಬೆರ್ತೊ ಮೆಜ್ಜಿನಾ. ಮೂಲಪುರುಷರ ವರ್ಚಸ್ಸಿನ ಮೇಲೆ ನಿಂತ ಸಂಸ್ಥೆ ಅವರೊಂದಿಗೇ ಕುಸಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಅಧಿಕಾರ ಆ ಹೊತ್ತಿಗಾಗಲೇ ಹಂಚಿಹೋಗಿತ್ತು. ಕೇಂದ್ರಗಳಿಗೆ ತಮ್ಮದೇ ತಂಡ, ತಮ್ಮದೇ ದಿನಚರಿ. ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದವರು 1970ರ ದಶಕದಲ್ಲೇ ಸಹಕಾರ ಸಂಘ ಕಟ್ಟಿಕೊಂಡು ಕೂಲಿ ಪಡೆಯುವ ಕೆಲಸಗಾರರಾಗಿದ್ದರು. ಇಂಥ ಸಂಘಗಳಿಗೆ ಇಟಲಿ 1991ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. ಅದರ ಪ್ರಕಾರ ಒಂದು ಬಗೆಯ ಸಹಕಾರ ಸಂಘದಲ್ಲಿ ಕೆಲಸಗಾರರ ಪೈಕಿ ಕನಿಷ್ಠ ಶೇ 30ರಷ್ಟು ಜನ ಮಾನಸಿಕ ಕಾಯಿಲೆ ಕಂಡವರೂ ಸೇರಿದಂತೆ ಅವಕಾಶವಂಚಿತರಾಗಿರಬೇಕು.

ಅಟ್ಲಾಂಟಿಕ್‌ನ ಆಚೆ ಇನ್ನೊಂದು ಎಳೆ. 1940ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದರಿಂದ ಬಿಡುಗಡೆಯಾದ ಕೆಲವರು ತಾವೇ ಒಂದು ಕೂಟ ಮಾಡಿಕೊಂಡರು. ಅದು 1948ರಲ್ಲಿ ಫೌಂಟನ್ ಹೌಸ್ ಆಯಿತು. ಅದರ ಮಾದರಿಯಲ್ಲಿ ಬೆಳೆದ, ಮಾನಸಿಕ ಕಾಯಿಲೆ ಕಂಡವರೇ ಸದಸ್ಯರಾಗಿ ಸಿಬ್ಬಂದಿಯೊಡನೆ ಸೇರಿ ನಡೆಸುವ ಕ್ಲಬ್‌ಹೌಸ್‌ಗಳು ಇವತ್ತು ಅನೇಕ ದೇಶಗಳಲ್ಲಿವೆ, ಅವುಗಳಿಗೆ 1989ರಿಂದ ಲಿಖಿತ ಮಾನದಂಡಗಳೂ ಇವೆ. ಆ ಮಾನದಂಡಗಳಲ್ಲಿ ಒಂದನ್ನು ಓದಿದಾಗ ನನಗೆ ಬೆರಗಾಯಿತು: ಸಭೆಗಳೆಲ್ಲ ಸದಸ್ಯರಿಗೂ ಸಿಬ್ಬಂದಿಗೂ ತೆರೆದಿರಬೇಕು, ಕಾರ್ಯಕ್ರಮದ ತೀರ್ಮಾನಗಳು ಅಥವಾ ಸದಸ್ಯರ ವಿಚಾರಗಳು ಚರ್ಚೆಯಾಗುವ ಸಿಬ್ಬಂದಿ ಮಾತ್ರದ ಸಭೆ ಇರಕೂಡದು. ಹೇಳಲು ಸುಲಭ. ಸೋಮವಾರ ಬೆಳಗ್ಗೆ ಸಿಬ್ಬಂದಿ ಸಭೆ ನಡೆಸುವ ಯಾವ ಸಂಸ್ಥೆಯಾದರೂ ಇದನ್ನು ಒಂದು ತಿಂಗಳು ಮಾಡಿ ನೋಡಲಿ. ನಾವು ಒಬ್ಬರ ಬಗ್ಗೆ ಅವರಿಲ್ಲದಾಗ ಮಾತಾಡುವ ಭಾಷೆ ಎಷ್ಟು ಒರಟು ಎಂಬುದು ಮೊದಲ ವಾರವೇ ಗೊತ್ತಾಗುತ್ತದೆ. ಎಲ್ಲ ಬಗೆಯ ಸೇವೆಗೂ ಈ ನಿಯಮ ಒಗ್ಗುತ್ತದೆ ಎಂದು ನಾನು ಹೇಳಲಾರೆ. ಆತ್ಮಹತ್ಯೆಯ ಅಪಾಯದಲ್ಲಿರುವವರ ಬಗ್ಗೆ ತಂಡ ಗುಟ್ಟಾಗಿಯೇ ಚರ್ಚಿಸಬೇಕಾದ ಸಂದರ್ಭಗಳಿವೆ. ಆದರೆ ಗುಟ್ಟು ಯಾರ ಹಿತಕ್ಕೆ ಎಂಬ ಪ್ರಶ್ನೆಗೆ ಪ್ರತಿಸಲವೂ ಉತ್ತರ ಇರಬೇಕು.

ಅಮೆರಿಕದ್ದೇ ಇನ್ನೊಂದು ನಿಯಮ ಲೆಕ್ಕದ ಭಾಷೆಯಲ್ಲಿದೆ. ಒಕ್ಕೂಟ ಸರ್ಕಾರದ ಅನುದಾನ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳ ಮಂಡಳಿಯಲ್ಲಿ ಕನಿಷ್ಠ ಶೇ 51ರಷ್ಟು ಸದಸ್ಯರು ಆ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವವರೇ ಆಗಿರಬೇಕು. ಅಂದರೆ ಮತಕ್ಕೆ ಹಾಕಿದರೆ ಅವರದೇ ಗೆಲುವು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಷ್ಟು ದೂರ ಹೋಗಿಲ್ಲ. ಆದರೆ ರೋಗಿಗಳ ಹಕ್ಕುಗಳ ಬಗೆಗಿನ ದೂರುಗಳನ್ನು ಕೇಳಲು ಅದು ರಚಿಸಿದ ಪುನರ್‌ಪರಿಶೀಲನಾ ಮಂಡಳಿಗಳಲ್ಲಿ ಎರಡು ಸ್ಥಾನಗಳು ಮಾನಸಿಕ ಕಾಯಿಲೆ ಇರುವವರಿಗೆ, ಅವರ ಆರೈಕೆದಾರರಿಗೆ ಅಥವಾ ಅವರ ಪರವಾದ ಸಂಘಟನೆಗಳಿಗೆ ಮೀಸಲು. ‘ಅಥವಾ’ ಇರುವ ಕಡೆಯೆಲ್ಲ ಕೊನೆಗೆ ಕುರ್ಚಿ ಯಾರಿಗೆ ಸಿಗುತ್ತದೆ ಎಂದು ಕಾದುನೋಡುವುದು ಒಳ್ಳೆಯದು. ಆರೈಕೆ ಮಾಡುವ ಕುಟುಂಬದವರ ಕಷ್ಟ ಸಣ್ಣದಲ್ಲ, ಅವರಿಗೆ ಜಾಗ ಬೇಕೇ ಬೇಕು. ಆದರೆ ಮಗನ ಪರವಾಗಿ ತಂದೆ ಮಾತಾಡುವುದು ಬೇರೆ, ಮಗನೇ ಮಾತಾಡುವುದು ಬೇರೆ. ಒಮ್ಮೊಮ್ಮೆ ಮಗನ ದೂರು ತಂದೆಯ ಮೇಲೇ ಇರುತ್ತದೆ.

ಇಲ್ಲಿ ‘ಸಮುದಾಯ’ ಯಾರು ಎಂಬ ಪ್ರಶ್ನೆಯೂ ಎದ್ದುನಿಲ್ಲುತ್ತದೆ. 1963ರಲ್ಲಿ ಅಧ್ಯಕ್ಷ ಕೆನಡಿ ಸಹಿ ಮಾಡಿದ ಕಾನೂನಿನಿಂದ ಅಮೆರಿಕದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಯುಗ ಶುರುವಾಯಿತು. ಆರು ವರ್ಷ ಕಳೆದಿರಲಿಲ್ಲ, 1969ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿದ್ದ ಲಿಂಕನ್ ಆಸ್ಪತ್ರೆಯ ಮಾನಸಿಕ ಆರೋಗ್ಯ ಸೇವೆಯನ್ನು ಅದರದೇ ಸ್ಥಳೀಯ ಕಾರ್ಯಕರ್ತರು ವಶಕ್ಕೆ ತೆಗೆದುಕೊಂಡರು. ಬಹುತೇಕ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಜನ ಅವರು, ಆ ಬಡಾವಣೆಯವರೇ. ಹೆಸರು ಸಮುದಾಯದ್ದು, ತೀರ್ಮಾನ ಮಾತ್ರ ಹೊರಗಿನಿಂದ ಬಂದು ಸಂಜೆ ಮನೆಗೆ ಹೋಗುವ ತಜ್ಞರದ್ದು ಎಂಬುದು ಅವರ ಸಿಟ್ಟು. ಅವರು ಮಾಡಿದ ರೀತಿಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಮನೆ ಮನೆ ಸುತ್ತುವ ಕಾರ್ಯಕರ್ತರ ಮಾತು ಮೇಲಕ್ಕೆ ಹೋಗಲು ಸಂಸ್ಥೆಯೊಳಗೆ ದಾರಿಯಿಲ್ಲದಿದ್ದರೆ ಅದು ಬೇರೆ ದಾರಿ ಹುಡುಕಿಕೊಳ್ಳುತ್ತದೆ ಎಂಬ ಬಗ್ಗೆ ಮಾತ್ರ ಅನುಮಾನ ಬೇಡ.

ಸರಿ, ಸೇವೆ ಪಡೆಯುವವರನ್ನು ಮಂಡಳಿಗೆ ತಂದಿರಿ ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ಏನಾಗುತ್ತದೆ ಗೊತ್ತೇ? ಒಬ್ಬರನ್ನು ತರುತ್ತಾರೆ. ಆರಿಸಿದವರು ನಿರ್ದೇಶಕರು, ಹಾಗಾಗಿ ಬಂದವರು ಸಂಸ್ಥೆಗೆ ಕೃತಜ್ಞರಾದವರು. ಅರವತ್ತು ಪುಟದ ಕಾಗದಪತ್ರ ಹಿಂದಿನ ರಾತ್ರಿ ಇಮೇಲ್‌ನಲ್ಲಿ ಬರುತ್ತದೆ. ಸಭೆಯಲ್ಲಿ ಲೆಕ್ಕಿಗರು, ವಕೀಲರು, ವೈದ್ಯರು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಕೊನೆಯಲ್ಲಿ ಅಧ್ಯಕ್ಷರು ಪ್ರೀತಿಯಿಂದ ಆ ಒಬ್ಬರ ಕಡೆ ತಿರುಗಿ, ‘ನಿಮ್ಮ ಅನುಭವ ಹೇಳಿ’ ಎನ್ನುತ್ತಾರೆ. ಅವರು ತಮ್ಮ ಕಾಯಿಲೆಯ ಕಥೆ ಹೇಳುತ್ತಾರೆ, ಎಲ್ಲರ ಕಣ್ಣು ತೇವವಾಗುತ್ತದೆ, ಸಭೆ ಮುಗಿಯುತ್ತದೆ. ಬಜೆಟ್ ಬಗ್ಗೆ ಅವರಿಗೇನಾದರೂ ಹೇಳಲಿಕ್ಕಿತ್ತೇ ಎಂದು ಯಾರೂ ಕೇಳಲಿಲ್ಲ.

ಇದನ್ನು ಸರಿಮಾಡಲು ಮಹಾ ವಿದ್ಯೆಯೇನೂ ಬೇಡ. ಒಬ್ಬರ ಬದಲು ಕನಿಷ್ಠ ಇಬ್ಬರು ಅಥವಾ ಮೂವರು ಇರಲಿ, ಒಂಟಿಯಾಗಿ ಎದುರುಮಾತಾಡುವುದು ಯಾರಿಗೂ ಕಷ್ಟ. ಅವರನ್ನು ಸೇವೆ ಪಡೆಯುವವರೇ ಆರಿಸಲಿ. ಕಾಗದಪತ್ರ ಒಂದು ವಾರ ಮೊದಲು ತಲುಪಲಿ, ಬೇಕಾದರೆ ಯಾರಾದರೂ ಕೂತು ಓದಿ ಹೇಳಲಿ. ಉಳಿದ ಸದಸ್ಯರಿಗೆ ಸಂಬಳ ಸಿಗುವ ಕೆಲಸ ಬೇರೆ ಇದೆ, ಇವರಿಗೆ ಆ ದಿನದ ಕೂಲಿ ಹೋಗುತ್ತದೆ ಎಂಬುದು ನೆನಪಿರಲಿ. ಪ್ರಯಾಣದ ಖರ್ಚನ್ನು ‘ಬಿಲ್ ಕೊಡಿ, ಮುಂದಿನ ತಿಂಗಳು ಕೊಡುತ್ತೇವೆ’ ಎನ್ನದೆ ಅಂದೇ ಕೊಡಿ. ಇನ್ನೊಂದು ಸೂಕ್ಷ್ಮ ಇದೆ: ಮಂಡಳಿಯಲ್ಲಿರುವವರಿಗೆ ಅದೇ ಸಂಸ್ಥೆಯ ಆಪ್ತಸಮಾಲೋಚಕರು ಚಿಕಿತ್ಸೆ ಕೊಡುತ್ತಿದ್ದರೆ ಮೇಲ್ವಿಚಾರಣೆ ಯಾರು ಯಾರ ಮೇಲೆ ಮಾಡುತ್ತಿದ್ದಾರೆ? ಇದಕ್ಕೆ ಅಡ್ಡಗೋಡೆ ಬೇಕು. ಅವರ ಕೇಸ್ ಶೀಟ್ ನೋಡುವ ಅಧಿಕಾರ ನಿರ್ದೇಶಕರಿಗೆ ಇರಬಾರದು, ತಮ್ಮದೇ ಸಮಾಲೋಚಕರ ಬಡ್ತಿ ಚರ್ಚೆಗೆ ಬಂದಾಗ ಆ ಸದಸ್ಯರೂ ಹೊರಗೆ ಕೂರಬೇಕು.

ಇನ್ನು ಸಂಸ್ಥಾಪಕರ ವಿಷಯ. ಇದಕ್ಕೇ ನೀವೆಲ್ಲ ಕಾಯುತ್ತಿದ್ದಿರಿ ಅನ್ನಿಸುತ್ತದೆ, ಈ ಸಭಾಂಗಣದಲ್ಲಿ ಅರ್ಧ ಜನ ಸಂಸ್ಥಾಪಕರು, ಇನ್ನರ್ಧ ಜನ ಸಂಸ್ಥಾಪಕರ ಕೈಕೆಳಗೆ ಕೆಲಸ ಮಾಡುವವರು. (ನಗು)

ಬ್ರಿಟನ್ನಿನ ಕಿಡ್ಸ್ ಕಂಪನಿಯ ಪ್ರಕರಣ ಸಾರ್ವಜನಿಕ ದಾಖಲೆಗಳಲ್ಲಿ ವಿವರವಾಗಿದೆ. 1996ರಲ್ಲಿ ಶುರುವಾದ ಸಂಸ್ಥೆ. ಬಡತನ, ಹಿಂಸೆ, ಆಘಾತಗಳಿಂದ ನಲುಗಿದ ಮಕ್ಕಳಿಗೆ, ಯುವಜನರಿಗೆ ಆಸರೆ ಕೊಡುವುದು ಅದರ ಕೆಲಸ. ಬಂದ ಮಗುವನ್ನು ವಾಪಸು ಕಳಿಸುವುದಿಲ್ಲ ಎಂಬುದು ಅದರ ವ್ರತ. ಸಂಸ್ಥಾಪಕಿಯ ವರ್ಚಸ್ಸು ಎಂಥದ್ದೆಂದರೆ ಎರಡೂ ಪಕ್ಷಗಳ ಸರ್ಕಾರಗಳು ಹಣ ಕೊಟ್ಟವು. ಒಟ್ಟು ಕನಿಷ್ಠ 4.6 ಕೋಟಿ ಪೌಂಡ್ ಸಾರ್ವಜನಿಕ ಹಣ ಹೋಗಿದೆ ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿತು. 2015ರ ಆಗಸ್ಟ್‌ನಲ್ಲಿ ಸಂಸ್ಥೆ ಬಾಗಿಲು ಹಾಕಿತು. ಮರುವರ್ಷ ಸಂಸದೀಯ ಸಮಿತಿ ಟ್ರಸ್ಟಿಗಳನ್ನು ತರಾಟೆಗೆ ತೆಗೆದುಕೊಂಡಿತು.

ಕಥೆ ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. 2021ರಲ್ಲಿ ಲಂಡನ್ನಿನ ಹೈಕೋರ್ಟ್ ಟ್ರಸ್ಟಿಗಳನ್ನೂ ಸಂಸ್ಥಾಪಕಿಯನ್ನೂ ನಿರ್ದೇಶಕರಾಗದಂತೆ ಅನರ್ಹಗೊಳಿಸಬೇಕೆಂಬ ಅರ್ಜಿಯನ್ನು ತಳ್ಳಿಹಾಕಿತು, ಟ್ರಸ್ಟಿಗಳ ನಿಷ್ಠೆಯನ್ನು ಹೊಗಳಿತು. 2022ರಲ್ಲಿ ಧರ್ಮಾದಾಯ ಸಂಸ್ಥೆಗಳ ನಿಯಂತ್ರಕರು ಬಾಕಿ ಬರಬೇಕಿದ್ದವರಿಗೆ ಸಕಾಲಕ್ಕೆ ಹಣ ಕೊಡದಿದ್ದುದನ್ನು ದುರಾಡಳಿತ ಎಂದು ದಾಖಲಿಸಿದರು. ಮೂರು ಅಧಿಕೃತ ಸಂಸ್ಥೆಗಳು, ಮೂರು ತೂಕದ ಮಾತು. ನನಗೆ ಕಾಣುವುದು ಇದು: ಅಲ್ಲಿ ಕಳ್ಳರಿರಲಿಲ್ಲ, ಒಳ್ಳೆಯವರೇ ಇದ್ದರು. ಬೇಡಿಕೆ ಬಂದಷ್ಟೂ ಖರ್ಚು ಏರುವ ಪದ್ಧತಿ, ಕೈಯಲ್ಲಿ ಹೆಚ್ಚು ಮೀಸಲು ನಿಧಿ ಇಲ್ಲ, ಒಂದು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಅಧ್ಯಕ್ಷರು. ‘ಮಗುವನ್ನು ವಾಪಸು ಕಳಿಸಬೇಕೇ?’ ಎಂದು ಸಂಸ್ಥಾಪಕರು ಕೇಳಿದರೆ ಯಾವ ಟ್ರಸ್ಟಿ ತಾನೇ ‘ಹೌದು’ ಎಂದಾರು? ಕರುಣೆ ತುಂಬಿದ ಸಂಸ್ಥೆಗಳಲ್ಲಿ ಲೆಕ್ಕದ ಪ್ರಶ್ನೆ ಕೇಳುವವರು ಕಟುಕರಂತೆ ಕಾಣುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂಡಳಿಗಳು ಹುಟ್ಟುವುದು ಸೋಮಾರಿತನದಿಂದ ಮಾತ್ರವಲ್ಲ, ಬಹಳ ಸಲ ಗೌರವದಿಂದ.

ಹಾಗಾದರೆ ಮಂಡಳಿ ಯಾವ ಪ್ರಶ್ನೆ ಕೇಳಬೇಕು? ನಾಳೆಯಿಂದ ಅನುದಾನ ನಿಂತರೆ ಎಷ್ಟು ತಿಂಗಳು ಸಂಬಳ ಕೊಡಬಹುದು ಎಂಬುದು ಮೊದಲನೆಯದು. ಉತ್ತರ ‘ಎರಡು’ ಎಂದಾದರೆ, ನಿಮ್ಮನ್ನು ನೆಚ್ಚಿಕೊಂಡವರಿಗೆ ಅದನ್ನು ಹೇಳಿದ್ದೀರಾ? ಮಾನಸಿಕ ಆರೋಗ್ಯದಲ್ಲಿ ಸೇವೆ ಹಠಾತ್ತನೆ ನಿಲ್ಲುವುದೇ ಒಂದು ಗಾಯ. ಅಧ್ಯಕ್ಷರ ಅವಧಿ ಎಷ್ಟು, ಸಂಸ್ಥಾಪಕರ ಮನೆಯವರು ಮಂಡಳಿಯಲ್ಲಿ ಎಷ್ಟು ಜನ, ಸಂಸ್ಥಾಪಕರು ಆರು ತಿಂಗಳು ರಜೆ ಹಾಕಿದರೆ ಚೆಕ್ಕಿಗೆ ಸಹಿ ಯಾರದು? ಇವು ಕೇಳಲು ಮುಜುಗರದ ಪ್ರಶ್ನೆಗಳು, ಅದಕ್ಕೇ ಅಜೆಂಡಾದಲ್ಲಿ ಅಚ್ಚಾಗಿಬಿಟ್ಟಿರಬೇಕು. ಅಚ್ಚಾಗಿದ್ದರೆ ಕೇಳಿದವರ ಮೇಲೆ ಯಾರಿಗೂ ಮುನಿಸು ಬರುವುದಿಲ್ಲ.

ಹಣದ್ದು ಒಂದು ಪಾಲಾದರೆ, ಸೇವೆಯ ಗುಣಮಟ್ಟದ್ದು ಇನ್ನೊಂದು. ಅನುದಾನ ಕೊಡುವವರಿಗೆ ‘ತಲುಪಿದವರ ಸಂಖ್ಯೆ’ ಬೇಕು. ಮಂಡಳಿಗೆ ಬೇಕಾದದ್ದು ಬಿಟ್ಟುಹೋದವರ ಸಂಖ್ಯೆ. ಮೂರು ಸಲ ಬಂದು ನಾಲ್ಕನೇ ಸಲ ಬಾರದವರು ಎಷ್ಟು ಜನ, ಅವರನ್ನು ಯಾರಾದರೂ ಹೋಗಿ ಕಂಡರೇ? ಮೊದಲ ಭೇಟಿಗೆ ಎಷ್ಟು ದಿನ ಕಾಯಬೇಕು? ವರ್ಷದಲ್ಲಿ ಎಷ್ಟು ಕಾರ್ಯಕರ್ತರು ಕೆಲಸ ಬಿಟ್ಟರು? ಯಾರನ್ನಾದರೂ ಬಲವಂತವಾಗಿ ಆಸ್ಪತ್ರೆಗೆ ಸೇರಿಸಲಾಯಿತೇ, ಸೇರಿಸಿದಾಗ ಸಂಸ್ಥೆಯ ಪಾತ್ರ ಏನಿತ್ತು? ಸಾವುಗಳು ಎಷ್ಟು? ಸಾವು ಸಂಭವಿಸಿದರೆ ಮುಂದಿನ ಸಭೆಯವರೆಗೆ ಕಾಯದೆ ಕೆಲವೇ ದಿನಗಳಲ್ಲಿ ಮಂಡಳಿಗೆ ತಿಳಿಯಬೇಕು, ಹೆಸರಿಲ್ಲದೆ. ಬರೀ ಹೆಸರು ತೆಗೆದರೆ ಸಾಲದು ಎಂಬುದೂ ಗಮನದಲ್ಲಿರಲಿ. ‘ಆ ಬೀದಿಯ, ಇಬ್ಬರು ಮಕ್ಕಳ ತಾಯಿ, ಶಿಕ್ಷಕಿ’ ಎಂದರೆ ಸಣ್ಣ ಊರಿನಲ್ಲಿ ಹೆಸರು ಹೇಳಿದ್ದಕ್ಕಿಂತ ಹೆಚ್ಚಾಯಿತು.

ಗೋಪ್ಯತೆಯ ಮಾತು ಬಂದಿದ್ದಕ್ಕೆ ವಾರ್ಷಿಕ ವರದಿಯ ಫೋಟೊಗಳ ಬಗ್ಗೆಯೂ ಒಂದು ಮಾತು. ಹೊಲಿಗೆ ಯಂತ್ರದ ಮುಂದೆ ನಗುತ್ತಿರುವ ಮಹಿಳೆ, ಕೆಳಗೆ ಅವರ ಕಾಯಿಲೆಯ ಹೆಸರು. ‘ಒಪ್ಪಿಗೆ ಪಡೆದಿದ್ದೇವೆ’ ಎನ್ನುತ್ತಾರೆ. ಮಾತ್ರೆ ಕೊಡುವವರೇ ಕ್ಯಾಮೆರಾ ಹಿಡಿದು ಕೇಳಿದರೆ ಬೇಡ ಎನ್ನುವವರು ಎಷ್ಟು ಜನ? ಆ ಚಿತ್ರ ಅವರ ಮಗಳ ಮದುವೆಯ ಮಾತುಕತೆಯ ಹೊತ್ತಿಗೂ ಅಂತರಜಾಲದಲ್ಲಿ ಇರುತ್ತದೆ. ಇದು ಪ್ರಚಾರ ವಿಭಾಗದ ವಿಷಯವೆಂದು ಮಂಡಳಿ ಕೈತೊಳೆದುಕೊಳ್ಳುವಂತಿಲ್ಲ.

ಕಾರ್ಯಕರ್ತರ ಬಗ್ಗೆ ಹೇಳದೆ ಮುಗಿಸಲಾಗದು. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಶುರುಮಾಡಿದ ‘ಫ್ರೆಂಡ್‌ಶಿಪ್ ಬೆಂಚ್’ ಈಗ ಹೆಸರುವಾಸಿ. ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು ಕೂತು ಜನರ ಕಷ್ಟ ಕೇಳಿ, ಪರಿಹಾರ ಯೋಚಿಸಲು ನೆರವಾಗುತ್ತಾರೆ. 573 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದರಿಂದ ಖಿನ್ನತೆಯ ಲಕ್ಷಣ ಕಡಿಮೆಯಾಗುವುದನ್ನು ತೋರಿಸಿತು. ಇದನ್ನು ಕೇಳಿದ ಅನೇಕರಿಗೆ ನೆನಪುಳಿಯುವುದು ಅಜ್ಜಿ ಮತ್ತು ಬೆಂಚು. ಅದರ ಹಿಂದೆ ಮೇಲ್ವಿಚಾರಣೆ ಇದೆ, ಆ ಅಜ್ಜಿಯರು ಸುಮ್ಮನೆ ಕರೆತಂದವರಲ್ಲ, ಆಗಲೇ ಆರೋಗ್ಯ ಕಾರ್ಯಕರ್ತೆಯರಾಗಿದ್ದವರು, ಅಪಾಯ ಕಂಡರೆ ಯಾರಿಗೆ ಒಪ್ಪಿಸಬೇಕು ಎಂಬುದು ಗೊತ್ತಿದ್ದವರು ಎಂಬುದನ್ನು ಮರೆಯುತ್ತಾರೆ. ಬಜೆಟ್ ಕತ್ತರಿಸುವಾಗ ಮೊದಲು ಕತ್ತರಿ ಬೀಳುವುದು ಮೇಲ್ವಿಚಾರಣೆಯ ಗಂಟೆಗಳಿಗೆ, ಯಾಕೆಂದರೆ ಅದರಿಂದ ‘ತಲುಪಿದವರ ಸಂಖ್ಯೆ’ ಇಳಿಯುವುದಿಲ್ಲ. ಇಳಿಯುವುದು ಕಾರ್ಯಕರ್ತರ ತಾಳ್ಮೆ. ದಿನವಿಡೀ ಇನ್ನೊಬ್ಬರ ನೋವು ಕೇಳಿ, ತಮ್ಮದನ್ನು ಹೇಳಲು ಯಾರೂ ಇಲ್ಲದವರು ಒಂದು ದಿನ ಯಾರ ಮೇಲೋ ಕೂಗಾಡುತ್ತಾರೆ. ಅದು ದೂರಾಗಬೇಕಿತ್ತು. ಆಗಲಿಲ್ಲ, ಕೇಸ್ ಶೀಟಿಗೆ ಹೋಯಿತು.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: ‘ಸರ್, ನಮ್ಮದು ಐದು ಜನರ ಸಂಸ್ಥೆ. ಇಷ್ಟೆಲ್ಲ ಸಮಿತಿ, ನಿಯಮ ಎಲ್ಲಿಂದ ತರೋಣ?’ ತರಬೇಡಿ. ಸಂಸ್ಥೆಗೆ ಸಂಬಂಧವಿಲ್ಲದ, ಊರಿನವರು ನಂಬುವ ಒಬ್ಬರನ್ನು ಒಪ್ಪಿಸಿ. ನಿವೃತ್ತ ಶಿಕ್ಷಕರಿರಬಹುದು, ದಾದಿಯಿರಬಹುದು. ಅವರ ಫೋನ್ ನಂಬರನ್ನು ನೀವು ಕೊಡುವ ಪ್ರತಿ ಚೀಟಿಯ ಹಿಂದೆ ಅಚ್ಚು ಹಾಕಿಸಿ. ದೂರು ಅವರಿಗೆ ಹೋಗಲಿ, ಅವರಿಂದ ನೇರವಾಗಿ ಅಧ್ಯಕ್ಷರಿಗೆ, ನಿರ್ದೇಶಕರ ಕೈಗೆ ಹೋಗದೆ. ಓದು ಬಾರದವರಿಗಾಗಿ ಅವರು ತಿಂಗಳಿಗೊಮ್ಮೆ ಬಂದು ನಿಮ್ಮ ಸಿಬ್ಬಂದಿ ಇಲ್ಲದ ಕೋಣೆಯಲ್ಲಿ ಕೂರಲಿ. ಸಮಿತಿಯನ್ನು ಐದು ಜನ ಐವತ್ತಾದಾಗ ಮಾಡಿಕೊಳ್ಳಿ.

ಇನ್ನೊಬ್ಬರು, ಸ್ವಲ್ಪ ಹಿಂಜರಿಯುತ್ತಲೇ, ಕೇಳಿದರು: ‘ಸೇವೆ ಪಡೆಯುವವರು ಮಂಡಳಿಗೆ ಬಂದ ಮೇಲೆ ಅವರಿಗೆ ಕಾಯಿಲೆ ಮರುಕಳಿಸಿದರೆ ಏನು ಮಾಡುವುದು?’ ಮಂಡಳಿಯ ಅಧ್ಯಕ್ಷರಿಗೆ ಹೃದಯಾಘಾತವಾದರೆ ಏನು ಮಾಡುತ್ತೀರಿ? ರಜೆ ಕೊಡುತ್ತೀರಿ, ಕುರ್ಚಿ ಉಳಿಸುತ್ತೀರಿ, ಉಪಾಧ್ಯಕ್ಷರು ಕೆಲಸ ನೋಡಿಕೊಳ್ಳುತ್ತಾರೆ, ಹುಷಾರಾದ ಮೇಲೆ ಬರುತ್ತಾರೆ. ಇಲ್ಲೂ ಅದೇ. ಹೆಚ್ಚಿನದೇನಾದರೂ ಬೇಕೆಂದರೆ ಸದಸ್ಯರಾಗುವ ದಿನವೇ ಒಂದು ಫಾರಂ ತುಂಬಿಸಿಕೊಳ್ಳಿ: ನನಗೆ ಹುಷಾರಿಲ್ಲದಾಗ ಯಾರಿಗೆ ಫೋನ್ ಮಾಡಬೇಕು, ಸಭೆಯ ಕಾಗದಪತ್ರ ಕಳಿಸಬೇಕೇ ಬೇಡವೇ, ನನ್ನ ಬದಲು ಯಾರು ಮಾತಾಡಬಹುದು, ಉಳಿದ ಸದಸ್ಯರಿಗೆ ಏನೆಂದು ಹೇಳಬೇಕು. ಆ ಫಾರಂ ಅಧ್ಯಕ್ಷರೂ ತುಂಬಲಿ, ಲೆಕ್ಕಿಗರೂ ತುಂಬಲಿ, ಸಂಸ್ಥಾಪಕರಂತೂ ತುಂಬಲೇಬೇಕು.